ಹೃದಯದ ಉರಿಯೂತದ ನಂತರ: ಮೊದಲು ಅಂಗಳ, ಕಡೆಗೆ ತೋಟ

ನಮ್ಮ ಈ ಪತ್ರಿಕೆಯಲ್ಲಿ ಕೊಳೆರೋಗದ ವಿಷಯ, ಕಾಂಡಕೊರಕದ ವಿಷಯ, ಧಾರಣೆಯ ಏರಿಳಿತದ ವಿಷಯ ಎಷ್ಟು ಸಲ ಬಂದರೂ ಸದಸ್ಯ ಬಾಂಧವರು ಬೇಸರಿಸದೆ ಓದುತ್ತಾರೆ. ಆದರೆ ಗಿಡಕ್ಕೆ ತಗಲಿದ ರೋಗದ ಮೇಲೆ ನಮಗಿರುವ ಎಚ್ಚರ, ಆ ಗಿಡವನ್ನು ಸಾಕುವವನ ಮೈಗೆ ತಗಲಿದ ರೋಗದ ಮೇಲೆ ಇಲ್ಲ. ಸೋಗೆ ಹಳದಿಯಾದರೆ ಮರುದಿನವೇ ತಿಳಿದವರನ್ನು ಕರೆತಂದು ತೋರಿಸುವ ಬೆಳೆಗಾರ, ತನ್ನ ಎದೆಯಲ್ಲಿ ನೋವೆಂದರೆ ‘ಗ್ಯಾಸ್ಟ್ರಿಕ್’ ಎಂದು ಒಂದು ಸೋಡಾ ಕುಡಿದು ಮಲಗುತ್ತಾನೆ. ಈ ಸಲ ಅಂಥದೊಂದು ಕಾಯಿಲೆಯ ಬಗ್ಗೆ, ಅದಕ್ಕಿಂತಲೂ ಹೆಚ್ಚಾಗಿ ಆ ಕಾಯಿಲೆ ವಾಸಿಯಾಗುವ ತಿಂಗಳುಗಳಲ್ಲಿ ಬೆಳೆಗಾರನು ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಸದಸ್ಯರ ಮುಂದಿಡಲು ಬಯಸುತ್ತೇನೆ.

ನಾನು ಹೇಳಹೊರಟಿರುವುದು ರಕ್ತನಾಳ ಕಟ್ಟಿ ಆಗುವ ಹೃದಯಾಘಾತದ ವಿಷಯವಲ್ಲ. ಅದರ ಬಗ್ಗೆ ಈಗ ಎಲ್ಲರಿಗೂ ಅಷ್ಟಿಷ್ಟು ತಿಳಿದಿದೆ. ಇದು ಹೃದಯದ ಉರಿಯೂತ. ಹೃದಯದ ಸ್ನಾಯುವಿಗೇ ಉರಿಯೂತವಾದರೆ ವೈದ್ಯರು ಮಯೋಕಾರ್ಡೈಟಿಸ್ ಎನ್ನುತ್ತಾರೆ. ಹೃದಯವನ್ನು ಸುತ್ತಿಕೊಂಡಿರುವ ಪೊರೆಗೆ ಆದರೆ ಪೆರಿಕಾರ್ಡೈಟಿಸ್. ಎರಡೂ ಒಟ್ಟಿಗೆ ಬರುವುದೂ ಉಂಟು. ಪೊರೆಯ ಉರಿಯೂತದಲ್ಲಿ ಚುಚ್ಚಿದಂಥ ನೋವು. ಅಂಗಾತ ಮಲಗಿದರೆ, ಉಸಿರು ಎಳೆದುಕೊಂಡರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುತ್ತದೆ. ಸ್ನಾಯುವಿನ ಉರಿಯೂತದಲ್ಲಿ ನೋವಿನ ಜೊತೆಗೆ ಏದುಸಿರು, ಎದೆಬಡಿತದ ಏರುಪೇರು, ವಿಪರೀತ ಸುಸ್ತು. ಇದು ಮುದುಕರ ಕಾಯಿಲೆಯೇ ಅಲ್ಲ. ಇಪ್ಪತ್ತು, ಮೂವತ್ತು, ನಲವತ್ತರ ಗಟ್ಟಿಮುಟ್ಟಾದ ಆಳುಗಳಿಗೂ ಬರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ಬಹಳ ಸಲ ಇದು ಒಂದು ವೈರಸ್ ಜ್ವರದ ಬೆನ್ನಿಗೆ ಬರುತ್ತದೆ. ಶೀತ, ಗಂಟಲುನೋವು, ಮೈಕೈ ನೋವು ಬಂದು ಹೋಗಿ ವಾರ ಹತ್ತು ದಿನ ಕಳೆದ ಮೇಲೆ ಎದೆ ಹಿಡಿಯುತ್ತದೆ. 2020ರ ನಂತರ ಕೋವಿಡ್ ಬಂದವರಲ್ಲಿಯೂ ಇದನ್ನು ಕಂಡರು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಡೆಂಗಿ ಜ್ವರವೂ ಇಲಿಜ್ವರವೂ ಹೃದಯದ ಸ್ನಾಯುವನ್ನು ಕೆಡಿಸಬಲ್ಲವು. ಇಲಿಯ ಮೂತ್ರ ಸೇರಿದ ನೀರು ಕಾಲಿನ ಬಿರುಕಿನಲ್ಲಿ, ಕೈಯ ಗಾಯದಲ್ಲಿ ಮೈಯೊಳಗೆ ಸೇರುವ ರೋಗವದು. ಮಳೆಗಾಲದಲ್ಲಿ ಬರಿಗಾಲಲ್ಲಿ ಬಸಿಗಾಲುವೆಗೆ ಇಳಿದು ಹೂಳೆತ್ತುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಇನ್ನು ಹೃದಯದ ಪೊರೆಗೆ ಕ್ಷಯ ತಗಲುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಅದಕ್ಕೆ ಔಷಧಿಯೇ ಬೇರೆ, ಅವಧಿಯೇ ಬೇರೆ. ಆದುದರಿಂದ ‘ಅವರಿಗೂ ಇದೇ ಆಗಿತ್ತಂತೆ’ ಎಂದು ನೆರೆಮನೆಯವರ ಚೀಟಿಯನ್ನು ನೋಡಿ ನಡೆಯುವಂತಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬಂದ ಮೇಲಿನ ಸಂಗತಿಯೇ ನನಗೆ ಮುಖ್ಯ. ಬಹುಮಂದಿ ಪೂರ್ತಿ ಗುಣವಾಗುತ್ತಾರೆ, ಇದು ಸಂತೋಷದ ವಿಷಯ. ಆದರೆ ಗುಣವಾಗುವ ಬಗೆ ಮೋಸದ್ದು. ಎರಡು ಮೂರು ವಾರದಲ್ಲಿ ಜ್ವರ ಹೋಗುತ್ತದೆ, ನೋವು ಹೋಗುತ್ತದೆ, ಊಟ ಸೇರುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಮನೆಯವರೂ ಊರವರೂ ‘ಈಗ ಆರಾಮಲ್ಲವೇ?’ ಎನ್ನುತ್ತಾರೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಸ್ವಲ್ಪ ಕಾಲ ಹೊರಗಿನಿಂದ ಹಸಿರಾಗಿಯೇ ಕಾಣುವುದಿಲ್ಲವೇ, ಹಾಗೆ ಹೊರಗೆ ಆರೋಗ್ಯವಂತನಾಗಿ ಕಾಣುವವನ ಹೃದಯದ ಸ್ನಾಯುವಿನಲ್ಲಿ ಉರಿಯೂತ ಇನ್ನೂ ಆರದೆ ಇರಬಹುದು. ಆ ಸ್ಥಿತಿಯಲ್ಲಿ ಏಕಾಏಕಿ ಭಾರದ ದುಡಿಮೆಗೆ ಇಳಿದರೆ ಹೃದಯದ ಬಡಿತ ತಾಳ ತಪ್ಪಿ ಮನುಷ್ಯ ನಿಂತಲ್ಲೇ ಬೀಳುವ ಅಪಾಯವಿದೆ. ಆಟದ ಮೈದಾನದಲ್ಲಿ ತರುಣ ಆಟಗಾರರು ಹಠಾತ್ತನೆ ತೀರಿಕೊಳ್ಳುವುದಕ್ಕೆ ತಿಳಿದಿರುವ ಕಾರಣಗಳಲ್ಲಿ ಈ ಉರಿಯೂತವೂ ಒಂದು.

ಇದು ಕೇವಲ ಊಹೆಯಲ್ಲ. 1970ರಲ್ಲಿ ಅಮೆರಿಕದ ಸಂಶೋಧಕರು ಕಾಕ್ಸಾಕಿ ಎಂಬ ವೈರಸ್ಸಿನಿಂದ ಹೃದಯದ ಉರಿಯೂತ ಬರಿಸಿದ ಇಲಿಮರಿಗಳನ್ನು ನೀರಿನಲ್ಲಿ ಬಲವಂತವಾಗಿ ಈಜಿಸಿ ನೋಡಿದರು. ಸುಮ್ಮನೆ ಬಿಟ್ಟವಕ್ಕಿಂತ ಈಜಿಸಿದವುಗಳ ಹೃದಯದಲ್ಲಿ ರೋಗ ಬಹಳ ಉಲ್ಬಣಿಸಿತು, ಸತ್ತವೂ ಹೆಚ್ಚು. ಅಲ್ಲಿಂದೀಚೆಗೆ ಈ ರೋಗದಲ್ಲಿ ಶ್ರಮ ಬೇಡವೆಂಬ ಮಾತಿಗೆ ಬಲ ಬಂದಿತು. 2015ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘಗಳು ಹೃದಯದ ಸ್ನಾಯುವಿನ ಉರಿಯೂತವಾದ ಆಟಗಾರರು 3ರಿಂದ 6 ತಿಂಗಳು ಮೈದಾನಕ್ಕೆ ಇಳಿಯಬಾರದೆಂದು ಹೇಳಿದವು. 2020ರಲ್ಲಿ ಯುರೋಪಿನವರೂ ಹಾಗೆಯೇ ಹೇಳಿದರು. 2025ರಲ್ಲಿ ಯುರೋಪಿನ ತಜ್ಞರು ಈ ಲೆಕ್ಕವನ್ನು ಸ್ವಲ್ಪ ಸಡಿಲಿಸಿ, ಕನಿಷ್ಠ 1 ತಿಂಗಳು ಪೂರ್ತಿ ತಡೆ, ಆಮೇಲೆ ಪರೀಕ್ಷೆಗಳ ಫಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ರೀತಿ ನಿರ್ಧರಿಸಬಹುದು ಎಂದಿದ್ದಾರೆ. ಕೆನಡಾ ದೇಶದ ಫುಟ್‌ಬಾಲ್ ಆಟಗಾರ ಅಲ್ಫಾನ್ಸೊ ಡೇವೀಸ್‌ಗೆ 2022ರ ಜನವರಿಯಲ್ಲಿ ಕೋವಿಡ್ ನಂತರ ಇದೇ ಉರಿಯೂತ ಕಾಣಿಸಿತು. ಅವರು ಮತ್ತೆ ಪಂದ್ಯವಾಡಿದ್ದು ಏಪ್ರಿಲ್‌ನಲ್ಲಿ. ಇಪ್ಪತ್ತೊಂದು ವರ್ಷದ, ಹಗಲಿರುಳು ವೈದ್ಯರನ್ನು ಪಕ್ಕದಲ್ಲಿಟ್ಟುಕೊಂಡ ಆಟಗಾರನಿಗೇ ಸುಮಾರು ಮೂರು ತಿಂಗಳು ಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ಈಗ ನಮ್ಮ ಪಂಚಾಂಗವನ್ನು ತೆಗೆದು ನೋಡೋಣ. ಮೃಗಶಿರಾ ಮಳೆಯಲ್ಲಿ ಜ್ವರ ಬಂದು ಆರಿದ್ರಾದಲ್ಲಿ ಆಸ್ಪತ್ರೆ ಸೇರಿದವನಿಗೆ ಮೂರು ತಿಂಗಳೆಂದರೆ ಹಸ್ತ ಮಳೆಯವರೆಗೆ, ಆರು ತಿಂಗಳೆಂದರೆ ಡಿಸೆಂಬರ್ ಕೊನೆಯವರೆಗೆ. ಇದರ ನಡುವೆ ಅಡಿಕೆಗೆ ಎರಡನೆಯ ಔಷಧಿ ಬಿತ್ತು, ಕಾಫಿ ತೋಟದ ಕಳೆ ಬಿತ್ತು, ಗೊಬ್ಬರ ಬಿತ್ತು, ಕೊನೆಕೊಯ್ಲು ಶುರುವಾಯಿತು, ಅರೇಬಿಕಾ ಹಣ್ಣಾಯಿತು. ಜನವರಿಯಲ್ಲಿ ಕಾಯಿಲೆ ಬಿದ್ದವನ ಪಾಡೂ ಇದಕ್ಕಿಂತ ಭಿನ್ನವಲ್ಲ. ಅವನಿಗೆ ರೊಬಸ್ಟಾ ಕೊಯ್ಲು, ಮರ ಕಪಾತು, ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ. ವೈದ್ಯರ ಪಂಚಾಂಗಕ್ಕೂ ತೋಟದ ಪಂಚಾಂಗಕ್ಕೂ ಹೊಂದುವುದೇ ಇಲ್ಲ. ಎರಡು ಮೂರು ಎಕರೆಯವನು ಯಾವುದನ್ನು ಬಿಡಬೇಕು? ಸಾಮಾನ್ಯವಾಗಿ ಅವನು ವೈದ್ಯರನ್ನೇ ಬಿಡುತ್ತಾನೆ.

ಅದೂ ಬೇಕೆಂದು ಬಿಡುವುದಲ್ಲ. ಬಿಡುಗಡೆಯ ದಿನ ವೈದ್ಯರು ‘ಭಾರದ ಕೆಲಸ ಬೇಡ, ಸಣ್ಣಪುಟ್ಟ ಕೆಲಸ ಮಾಡಿಕೊಂಡಿರಿ’ ಎನ್ನುತ್ತಾರೆ. ಪೇಟೆಯ ವೈದ್ಯರ ಮನಸ್ಸಿನಲ್ಲಿ ಸಣ್ಣಪುಟ್ಟ ಕೆಲಸವೆಂದರೆ ಪತ್ರಿಕೆ ಓದುವುದು, ಹೂಗಿಡಕ್ಕೆ ಒಂದು ತಂಬಿಗೆ ನೀರು ಹಾಕುವುದು. ನಮ್ಮ ನಿಘಂಟಿನಲ್ಲಿ ಅದರ ಅರ್ಥ ಬೇರೆ. ಬಿದ್ದ ಸೋಗೆ ಎಳೆದುಹಾಕುವುದು ಸಣ್ಣ ಕೆಲಸ, ದನಕ್ಕೆ ಒಂದು ಹೊರೆ ಹುಲ್ಲು ತರುವುದು ಸಣ್ಣ ಕೆಲಸ, ಕೊಟ್ಟಿಗೆಯಿಂದ ನಾಲ್ಕು ಬುಟ್ಟಿ ಗೊಬ್ಬರ ಹೊತ್ತು ಹಾಕುವುದು ಸಣ್ಣ ಕೆಲಸ. ಬೆನ್ನಿಗೆ ಹಾಕುವ ಔಷಧಿ ಪಂಪಿನಲ್ಲಿ 16 ಲೀಟರು ನೀರು ಹಿಡಿಯುತ್ತದೆ. ನೀರಿನ ಭಾರವೇ 16 ಕಿಲೋ, ಪಂಪಿನ ಭಾರ ಬೇರೆ. ಅದನ್ನು ಹೊತ್ತು ಕಾಫಿ ಗುಡ್ಡದಲ್ಲಿ ಓಡಾಡುವುದನ್ನೂ ‘ಸ್ವಲ್ಪ ಔಷಧಿ ಹೊಡೆದು ಬಂದೆ’ ಎನ್ನುವವರು ನಾವು. ಸುಮ್ಮನೆ ಕುಳಿತಾಗ ಮೈ ವ್ಯಯಿಸುವ ಶಕ್ತಿಯನ್ನು 1 ಎಂದಿಟ್ಟುಕೊಂಡರೆ, ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯಲು 2ರಿಂದ 3 ಸಾಕು. ಗುದ್ದಲಿ ಹಿಡಿದು ಅಗೆಯಲು 5ಕ್ಕೂ ಮೇಲೆ ಬೇಕು. ಹೊರೆ ಹೊತ್ತು ಗುಡ್ಡ ಹತ್ತಲು 7, 8ನ್ನೂ ದಾಟುತ್ತದೆ. ಆಟಗಾರರಿಗೆ ಹೇಳಿದ ನಿಷೇಧ ನಮಗೇಕೆ ಎಂದು ಕೇಳುವವರು ಈ ಲೆಕ್ಕವನ್ನು ನೋಡಬೇಕು. ಆದುದರಿಂದ ವೈದ್ಯರಲ್ಲಿ ‘ಕೆಲಸ ಮಾಡಬಹುದೇ?’ ಎಂದು ಕೇಳುವುದು ಪ್ರಯೋಜನವಿಲ್ಲ. ಏನು ಕೆಲಸ, ಎಷ್ಟು ಭಾರ, ಎಷ್ಟು ಹೊತ್ತು, ಏರು ಎಷ್ಟು ಎಂದು ಬಿಡಿಸಿ ಹೇಳಿಯೇ ಕೇಳಬೇಕು.

ಇದಕ್ಕೆ ನೇರ ವಿರುದ್ಧವಾದ ಇನ್ನೊಂದು ಪಂಗಡವೂ ನಮ್ಮಲ್ಲಿದೆ. ‘ಹಾರ್ಟಿನ ಕಾಯಿಲೆ’ ಎಂದು ಕೇಳಿದ ದಿನದಿಂದ ಜಗಲಿಯ ಆರಾಮಕುರ್ಚಿಯಿಂದ ಏಳದವರು, ನೀರಿನ ಲೋಟವನ್ನೂ ಮಗಳು ತಂದುಕೊಡಬೇಕು ಎನ್ನುವವರು. ಇವರನ್ನು ಪೂರ್ತಿ ದೂರುವಂತಿಲ್ಲ, ಏಕೆಂದರೆ ಒಂದು ಕಾಲಕ್ಕೆ ವೈದ್ಯರೇ ಹಾಗೆ ಹೇಳುತ್ತಿದ್ದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಬರ್ಚ್ ಎಂಬ ಪ್ರಸಿದ್ಧ ವೈದ್ಯರು 1960ರ ದಶಕದಲ್ಲಿ ಹೃದಯದ ಸ್ನಾಯು ದುರ್ಬಲವಾದವರನ್ನು ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರಿಸುತ್ತಿದ್ದರು. ಆದರೆ ಹಾಸಿಗೆಯ ಬೆಲೆ ಏನೆಂಬುದು ಅದೇ ದಶಕದಲ್ಲಿ ಗೊತ್ತಾಯಿತು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಆರೋಗ್ಯವಂತರಾದ ಐವರು ತರುಣರನ್ನು ಮೂರು ವಾರ ಹಾಸಿಗೆಯಿಂದ ಇಳಿಯದಂತೆ ಮಲಗಿಸಿ, ಮೊದಲೂ ಆಮೇಲೂ ಅವರ ದುಡಿಯುವ ಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಕರೆಸಿ ಅಳೆದಾಗ, ಮೂವತ್ತು ವರ್ಷದ ವಯಸ್ಸು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚೆಂದು ಕಂಡುಬಂದಿತು. ಉರಿಯೂತ ಜೋರಾಗಿರುವ ದಿನಗಳಲ್ಲಿ ವಿಶ್ರಾಂತಿ ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಅದು ಇಳಿದು ವೈದ್ಯರು ಒಪ್ಪಿಗೆ ಕೊಟ್ಟ ಮೇಲೂ ಕುಳಿತೇ ಇದ್ದರೆ ಕಾಲಿನ ಮಾಂಸಖಂಡ ಕರಗುತ್ತದೆ, ಧೈರ್ಯ ಕುಂದುತ್ತದೆ, ಎದ್ದು ನಿಂತರೆ ಏದುಸಿರು. ಆ ಏದುಸಿರನ್ನು ರೋಗವೆಂದೇ ತಿಳಿದು ಮತ್ತೆ ಕೂರುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಈ ಎರಡು ಪಂಗಡದವರೂ ಒಂದೇ ವಿಷಯದಲ್ಲಿ ಎಡವಿದ್ದಾರೆ. ಕೆಲಸ ಬೇರೆ, ವ್ಯಾಯಾಮ ಬೇರೆ ಎಂಬುದು ನಮಗೆ ಹೊಳೆಯುವುದಿಲ್ಲ. ‘ದಿನವಿಡೀ ತೋಟದಲ್ಲಿ ದುಡಿಯುವವನಿಗೆ ವ್ಯಾಯಾಮ ಯಾಕೆ?’ ಎಂದು ಹಿರಿಯರಿಂದ ಕೇಳಿ ಬೆಳೆದವರು ನಾವು. ವ್ಯಾಯಾಮವನ್ನು ಮೈ ಬೇಡವೆಂದ ಕ್ಷಣ ನಿಲ್ಲಿಸಬಹುದು. ಕೆಲಸವನ್ನು ನಿಲ್ಲಿಸಲಾಗುವುದಿಲ್ಲ. ಕಲಸಿದ ಬೋರ್ಡೋ ದ್ರಾವಣವನ್ನು ಆ ದಿನವೇ ಮುಗಿಸಬೇಕು. ಮೋಡ ಕಟ್ಟುತ್ತಿದೆ, ಇನ್ನು ಒಂದು ಡ್ರಮ್ಮು ಉಳಿದಿದೆ, ಹೊಡೆಯುವವನು ಮೇಲಿದ್ದಾನೆ. ಆಗ ಎದೆಯಲ್ಲಿ ಚುಳುಕೆಂದರೆ ಯಾರು ಕೇಳುತ್ತಾರೆ? ಅಂಗಳದಲ್ಲಿ ಹರಡಿದ ಅಡಿಕೆಗೆ ಮಳೆ ಹನಿ ಬಿದ್ದರೆ ಹೃದ್ರೋಗಿಯೂ ಓಡುತ್ತಾನೆ. ಎಷ್ಟು ಸಾಕು ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಹೃದಯವಲ್ಲ, ಕೆಲಸ. ಆದುದರಿಂದ ಚೇತರಿಕೆಯ ತಿಂಗಳುಗಳಲ್ಲಿ ಮೊದಲು ಮರಳಬೇಕಾದದ್ದು ನಡಿಗೆಗೆ, ಎಲ್ಲಕ್ಕಿಂತ ಕಡೆಗೆ ಕೆಲಸಕ್ಕೆ.

ನಡಿಗೆಗೆ ಜಾಗವೆಲ್ಲಿ ಎಂಬ ಪ್ರಶ್ನೆ ನಮ್ಮ ಕಡೆ ಸಣ್ಣದಲ್ಲ. ರಸ್ತೆಯೆಲ್ಲ ಏರು ಇಳಿಜಾರು. ಅಡಿಕೆ ತೋಟ ಸಮತಟ್ಟಾಗಿದೆ ನಿಜ, ಆದರೆ ಅದು ಕಣಿವೆಯಲ್ಲಿ, ಮನೆ ಮೇಲೆ. ಹೋಗುವಾಗ ಇಳಿಜಾರು, ದಣಿದು ಬರುವಾಗ ಏರು. ಕಾಯಿಲೆಯವನಿಗೆ ಇದು ತಲೆಕೆಳಗಾದ ಲೆಕ್ಕ. ಆದುದರಿಂದ ಅಡಿಕೆ ಒಣಗಿಸುವ ಅಂಗಳವೇ ಎಲ್ಲಕ್ಕಿಂತ ಉತ್ತಮ. ಸಮತಟ್ಟು, ಕಲ್ಲುಮುಳ್ಳಿಲ್ಲ, ಮನೆಯವರ ಕಣ್ಣಳತೆಯಲ್ಲಿದೆ, ಸುಸ್ತಾದರೆ ಕೂರಲು ಜಗಲಿ ಇದೆ. 60 ಅಡಿ ಉದ್ದ 40 ಅಡಿ ಅಗಲದ ಅಂಗಳವನ್ನು ಒಂದು ಸುತ್ತು ಬಂದರೆ 200 ಅಡಿ, ಅಂದರೆ ಸುಮಾರು 60 ಮೀಟರು. ಹತ್ತು ಸುತ್ತಿಗೆ 600 ಮೀಟರು. ನಿಧಾನವಾಗಿ ನಡೆದರೆ ಹನ್ನೆರಡು ನಿಮಿಷ. ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿ ಜಾರುವುದರಿಂದ ಒಳಗಿನ ಜಗಲಿಯಲ್ಲೋ ಒಣಗಿಸುವ ಶೆಡ್ಡಿನಲ್ಲೋ ನಡೆಯಬೇಕು. ಮುಂದೆ ತೋಟಕ್ಕೆ ಇಳಿಯಲು ಅನುಮತಿ ಸಿಕ್ಕ ಮೇಲೆ ಮರಗಳೇ ಮೈಲಿಗಲ್ಲು. 9 ಅಡಿ ಅಂತರದ ಸಾಲಿನಲ್ಲಿ 37 ಅಂತರ ದಾಟಿದರೆ 100 ಮೀಟರು.

ಶುರುವಿನಲ್ಲಿ ಐದು ನಿಮಿಷ ಸಾಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಊಟವಾದ ಕೂಡಲೇ ಬೇಡ, ಹಸಿದು ಬೇಡ, ಮಾರ್ಚಿ ಏಪ್ರಿಲಿನ ಬಿಸಿಲಿನಲ್ಲಿ ಬೇಡ. ಎರಡು ಮೂರು ದಿನ ತೊಂದರೆಯಿಲ್ಲವೆಂದು ಕಂಡರೆ ಒಂದೆರಡು ನಿಮಿಷ ಸೇರಿಸಬಹುದು. ಹೀಗೆ ಏರುತ್ತ ಕೆಲವು ವಾರಗಳಲ್ಲಿ ಅರ್ಧ ಗಂಟೆ ಮುಟ್ಟಿದರೆ ಒಳ್ಳೆಯ ಪ್ರಗತಿಯೇ. ವೇಗಕ್ಕೆ ಒಂದು ಸರಳ ಅಳತೆ ಉಂಟು: ನಡೆಯುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಮಾತು ತುಂಡುತುಂಡಾದರೆ ವೇಗ ಜಾಸ್ತಿಯಾಯಿತೆಂದು ತಿಳಿಯಬೇಕು. ಕೆಲವು ವೈದ್ಯರು ನಾಡಿ ಇಷ್ಟಕ್ಕಿಂತ ಮೇಲೇರಬಾರದೆಂದು ಒಂದು ಅಂಕಿ ಕೊಡುತ್ತಾರೆ. ಆಗ ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಆದರೆ ನಾಡಿಯನ್ನು ನಿಧಾನಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಮೈ ದಣಿದಿದ್ದರೂ ನಾಡಿ ಏರುವುದಿಲ್ಲ. ಅಂಥವರಿಗೆ ಮಾತಿನ ಪರೀಕ್ಷೆಯೇ ಗಟ್ಟಿ.

ಇನ್ನೂ ಒಂದು ಅಳತೆಯನ್ನು ನಾನು ಹೆಚ್ಚು ನಂಬುತ್ತೇನೆ, ಅದು ಮರುದಿನ ಬೆಳಗಿನದು. ಇವತ್ತು ಉತ್ಸಾಹದಲ್ಲಿ ಇಪ್ಪತ್ತು ಸುತ್ತು ಬಂದವನಿಗೆ ನಾಳೆ ಬೆಳಿಗ್ಗೆ ಏಳುವಾಗಲೇ ಮೈ ಭಾರವೆನಿಸಿದರೆ ನಿನ್ನೆಯದು ಅತಿಯಾಗಿತ್ತು. ಆ ದಿನ ಬಿಡುವು ಕೊಟ್ಟು, ಮತ್ತೆ ಹತ್ತಕ್ಕೆ ಇಳಿಯಬೇಕು. ಹಿಂದಕ್ಕೆ ಇಳಿಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸುತ್ತಿನ ಲೆಕ್ಕ, ಸುಸ್ತಿನ ಲೆಕ್ಕ, ತೂಕದ ಲೆಕ್ಕಗಳನ್ನು ಆಳುಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿಟ್ಟರೂ ಸಾಕು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಅದು ಬಹಳ ಉಪಕಾರಕ್ಕೆ ಬರುತ್ತದೆ.

ನಡೆಯುವಾಗ ಎದೆನೋವು ಮರಳಿದರೆ, ಎದೆಬಡಿತ ತಪ್ಪಿ ಹೊಡೆದಂತಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಪ್ರಜ್ಞೆ ತಪ್ಪಿ ಬಿದ್ದರಂತೂ ‘ನಾಳೆ ನೋಡೋಣ’ ಎನ್ನದೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು. ಮಲಗಿದರೆ ಉಸಿರು ಕಟ್ಟುವುದು, ಕಾಲು ಊದಿಕೊಳ್ಳುವುದು, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು, ಇವು ಹೃದಯ ಸೋಲುತ್ತಿರುವ ಸೂಚನೆಗಳು. ಮತ್ತೆ ಶೀತಜ್ವರ ಬಂದರೆ, ಅದು ಎಷ್ಟೇ ಸಣ್ಣದಿರಲಿ, ಹೋಗುವವರೆಗೆ ನಡಿಗೆ ನಿಲ್ಲಲಿ.

ಭಾರದ ಕೆಲಸಕ್ಕೆ ಇಳಿಯುವ ಮೊದಲು ಮಾಡಿಸಬೇಕಾದ ಪರೀಕ್ಷೆಗಳಿವೆ. ಇ.ಸಿ.ಜಿ., ಎಕೋ, ಉರಿಯೂತ ಇಳಿದಿದೆಯೇ ಎಂದು ನೋಡುವ ರಕ್ತಪರೀಕ್ಷೆ, 24 ಗಂಟೆ ಮೈಗೆ ಕಟ್ಟಿ ಬಡಿತವನ್ನು ದಾಖಲಿಸುವ ಹೋಲ್ಟರ್ ಯಂತ್ರ, ಕಡೆಗೆ ಟ್ರೆಡ್‌ಮಿಲ್ ಪರೀಕ್ಷೆ. ಬೇಕಿದ್ದರೆ ಹೃದಯದಲ್ಲಿ ಕಲೆ ಉಳಿದಿದೆಯೇ ಎಂದು ಎಂ.ಆರ್.ಐ. ಮಾಡಿಸುತ್ತಾರೆ. ಉರಿಯೂತ ಇರುವಾಗಲೇ ಟ್ರೆಡ್‌ಮಿಲ್ ಓಡಬಾರದು; ಎಲ್ಲಿಯಾದರೂ ಪ್ಯಾಕೇಜಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತಾವಾಗಿಯೇ ಹೋಗಿ ಮಾಡಿಸಿಕೊಳ್ಳುವುದು ಅಪಾಯ. ಪೇಟೆಗೆ ಹೋಗಿಬರುವ ಖರ್ಚಿಗೆ ಹೆದರಿ ಈ ಮರುಪರೀಕ್ಷೆಗಳನ್ನು ಬಿಡುವವರು ಹೆಚ್ಚು. ಒಂದು ಕೊಯ್ಲು ಮುಗಿದ ಮೇಲೆ ಹೋಗೋಣವೆನ್ನುತ್ತಾರೆ, ಆದರೆ ಕೊಯ್ಲಿಗೆ ಇಳಿಯಬಹುದೇ ಎಂದು ತಿಳಿಯುವುದೇ ಪರೀಕ್ಷೆಯ ಉದ್ದೇಶವಲ್ಲವೇ?

ಔಷಧಿಯ ವಿಷಯದಲ್ಲಿ ಒಂದು ಮಾತು. ಪೊರೆಯ ಉರಿಯೂತಕ್ಕೆ ಕಾಲ್ಚಿಸಿನ್ ಎಂಬ ಮಾತ್ರೆಯನ್ನು ಕೊಡುವುದುಂಟು; ಅದನ್ನು ತಿಂಗಳುಗಟ್ಟಲೆ, ಹೇಳಿದಷ್ಟೇ ಅಳತೆಯಲ್ಲಿ ತೆಗೆದುಕೊಳ್ಳಬೇಕು. ಚೌತಿಯ ಸಮಯಕ್ಕೆ ನಮ್ಮ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಅರಳುವ ಗೌರಿಹೂವಿನ ಗಡ್ಡೆ, ಬೀಜಗಳಲ್ಲಿಯೂ ಇದೇ ವಸ್ತುವಿದೆ. ಇದನ್ನು ಕೇಳಿ ಯಾರೂ ಗಡ್ಡೆ ಅಗೆಯಲು ಹೊರಡಬಾರದು. ಅದು ಪ್ರಾಣ ತೆಗೆಯುವ ವಿಷ. ಮಾತ್ರೆಯಲ್ಲಿ ಮಿಲಿಗ್ರಾಮಿಗಿಂತಲೂ ಕಡಿಮೆ ಅಳತೆಯಲ್ಲಿರುವುದು ಗಡ್ಡೆಯಲ್ಲಿ ಎಷ್ಟಿರುತ್ತದೆಂದು ಯಾವ ಪಂಡಿತನೂ ನೋಡಿ ಹೇಳಲಾರ.

ಕಾಫಿ ಕುಡಿಯಬಹುದೇ ಎಂದು ಕೇಳದೆ ನಮ್ಮ ಸದಸ್ಯರು ಬಿಡಲಿಕ್ಕಿಲ್ಲ. ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಲೋಟಕ್ಕೆ ವೈದ್ಯರ ಅಡ್ಡಿಯಿರುವುದಿಲ್ಲ. ಬಡಿತ ತಪ್ಪುವವರು ಕೇಳಿಯೇ ಕುಡಿಯಬೇಕು. ಎಲೆ ಅಡಿಕೆಯ ವಿಷಯ ಅಷ್ಟು ಸುಲಭವಲ್ಲ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಸಂಪಾದಕರಿಗೆ ಇರುಸುಮುರುಸಾಗಬಹುದು, ಆದರೂ ಬರೆಯುತ್ತೇನೆ: ಅಡಿಕೆ ಜಗಿದಾಗ ನಾಡಿ ಏರುತ್ತದೆ. ಹೃದಯಕ್ಕೆ ವಿಶ್ರಾಂತಿ ಬೇಕಾದ ತಿಂಗಳುಗಳಲ್ಲಿ ಕವಳವನ್ನು ಬಿಡುವುದೇ ಸರಿ, ಹೊಗೆಸೊಪ್ಪಂತೂ ಯಾವ ಕಾಲಕ್ಕೂ ಬೇಡ.

ಪರೀಕ್ಷೆಗಳೆಲ್ಲ ಸರಿಯಾಗಿ ಬಂದು ಕೆಲಸಕ್ಕೆ ಇಳಿಯುವಾಗ ಯಾವುದು ಮೊದಲು ಯಾವುದು ಕಡೆಗೆ ಎಂಬುದರಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ತಪ್ಪಿರುತ್ತದೆ. ಕುಳಿತು ಮಾಡುವ ಕೆಲಸ, ಅಡಿಕೆ ಆರಿಸುವುದು, ಒಳ್ಳೆಮೆಣಸು ಹಸನು ಮಾಡುವುದು, ಲೆಕ್ಕಪತ್ರ, ಇವು ಮೊದಲು. ನೆರಳಿನಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳುವುದು ಆಮೇಲೆ. ಅದರಲ್ಲಿಯೂ ಕೂಗಾಡುವುದು, ಸಿಟ್ಟಿಗೇಳುವುದು ಬೇಡ. ಆ ನಂತರ ಹಗುರ ಬುಟ್ಟಿ ಕಟ್ಟಿಕೊಂಡು ಸಮತಟ್ಟಿನಲ್ಲಿ ಒಂದು ಗಂಟೆ ಕಾಫಿ ಕೊಯ್ಯಬಹುದು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ‘ಮರ ಹತ್ತುವುದಿಲ್ಲವಲ್ಲ, ನೆಲದಲ್ಲೇ ನಿಂತು ಕೊನೆ ಇಳಿಸುತ್ತೇನೆ’ ಎಂಬ ಸಮಾಧಾನ ಅನೇಕರಿಗಿದೆ. ಕೈಯನ್ನು ತಲೆಯ ಮೇಲೆತ್ತಿ, ಭಾರ ಹಿಡಿದು, ಉಸಿರು ಬಿಗಿಹಿಡಿದು ಮಾಡುವ ಕೆಲಸ ಕಾಲಿನ ನಡಿಗೆಗಿಂತ ಹೃದಯಕ್ಕೂ ರಕ್ತದೊತ್ತಡಕ್ಕೂ ಹೆಚ್ಚು ಹೊರೆ. ದೋಟಿ, ಕಳೆ ಹೊಡೆಯುವ ಯಂತ್ರ, ಬೆನ್ನಿನ ಪಂಪು, ಮರ ಕಪಾತು, ಮೂಟೆ ಹೊರುವುದು ಇವೆಲ್ಲವೂ ಕಟ್ಟಕಡೆಯ ಸಾಲಿನಲ್ಲಿರಬೇಕು. ಮರ ಹತ್ತುವವರಿಗೆ ಇನ್ನೊಂದು ಅಪಾಯವಿದೆ. ನೆಲದಲ್ಲಿ ಕಣ್ಣು ಕತ್ತಲೆ ಬಂದರೆ ಕುಳಿತುಕೊಳ್ಳಬಹುದು, ನಲವತ್ತು ಅಡಿ ಮೇಲೆ ಬಂದರೆ ಏನು ಮಾಡುವುದು?

ಇಲ್ಲಿಯವರೆಗೆ ಬರೆದದ್ದೆಲ್ಲ ಗಂಡಸರನ್ನು ಕುರಿತೇ ಬರೆದಂತಿದೆ. ಮನೆಯ ಹೆಂಗಸಿಗೆ ಈ ಕಾಯಿಲೆ ಬಂದಾಗ ವಿಶ್ರಾಂತಿಯೆಂದರೆ ತೋಟಕ್ಕೆ ಹೋಗದಿರುವುದು ಎಂದಷ್ಟೇ ಅರ್ಥವಾಗುತ್ತದೆ. ಬಚ್ಚಲ ಒಲೆಗೆ ಸೌದೆ ತರುವುದು, ಬಾವಿಯ ನೀರು ಸೇದುವುದು, ಕಂಬಳಿ ಒಗೆಯುವುದು, ಕೊಯ್ಲಿನ ಆಳುಗಳಿಗೆ ದೊಡ್ಡ ಪಾತ್ರೆ ಇಳಿಸುವುದು ಕೆಲಸದ ಲೆಕ್ಕಕ್ಕೇ ಬರುವುದಿಲ್ಲ. ತುಂಬಿದ ಕೊಡ 12ರಿಂದ 15 ಕಿಲೋ ತೂಗುತ್ತದೆ. ಸೊಸೆಯೋ ಅತ್ತೆಯೋ ಅಂಗಳದಲ್ಲಿ ಸುಮ್ಮನೆ ಸುತ್ತು ಹಾಕುತ್ತಿದ್ದರೆ ನೋಡಿದವರು ಏನಂದಾರು ಎಂಬ ಸಂಕೋಚ ಬೇರೆ. ಈ ಸಂಕೋಚವನ್ನು ಬಿಡಿಸಬೇಕಾದವರು ಮನೆಯ ಯಜಮಾನರು. ಮೊದಲ ವಾರ ತಾವೂ ಜೊತೆಗೆ ನಡೆದರೆ ಮುಗಿಯಿತು.

ನಮ್ಮ ತೋಟದ ಕೆಲಸಗಾರರ ಸ್ಥಿತಿ ಇದಕ್ಕಿಂತ ಕಷ್ಟದ್ದು. ದಿನಗೂಲಿಯವನು ಮನೆಯಲ್ಲಿ ಕುಳಿತ ದಿನ ಕೂಲಿಯಿಲ್ಲ. ಅವನಿಗೆ ಮೂರು ತಿಂಗಳು ವಿಶ್ರಾಂತಿಯೆಂದು ಹೇಳುವುದು ಮೂರು ತಿಂಗಳು ಉಪವಾಸವೆಂದು ಹೇಳಿದಂತೆಯೇ. ಅವನು ಇಪ್ಪತ್ತನೆಯ ದಿನಕ್ಕೆ ಕತ್ತಿ ಹಿಡಿದು ಬರುತ್ತಾನೆ, ಆಳು ಸಿಗದ ಕಾಲದಲ್ಲಿ ನಾವೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅವನಿಗೆ ಅಡಿಕೆ ಆರಿಸುವ ಕೆಲಸ, ಕಣ ಕಾಯುವ ಕೆಲಸವನ್ನು ಅದೇ ಕೂಲಿಗೆ ಕೊಡಲು ಒಬ್ಬ ಸಣ್ಣ ಬೆಳೆಗಾರನಿಗೆ ಕಷ್ಟ. ನಾಲ್ಕೈದು ಮನೆಯವರು ಸೇರಿದರೆ ಕಷ್ಟವಾಗಲಾರದು.

ಹಿಂದೆ ನಮ್ಮಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ಕೂಲಿ ಹಣದ ಲೆಕ್ಕ ಬಂದ ಮೇಲೆ ಅದು ಅನೇಕ ಊರುಗಳಲ್ಲಿ ಸಡಿಲವಾಯಿತು. ಅದನ್ನು ಸಂಘದ ಮೂಲಕ, ಇಂಥ ಕಾಯಿಲೆಯ ಸಂದರ್ಭಕ್ಕೆ ಮಾತ್ರವಾದರೂ, ಮತ್ತೆ ಎತ್ತಿಕೊಳ್ಳಬಹುದೆಂಬುದು ನನ್ನ ಸಲಹೆ. ಸದಸ್ಯನೋ ಅವನ ಮನೆಯವರೋ ವೈದ್ಯರ ಚೀಟಿಯನ್ನು ಕಾರ್ಯದರ್ಶಿಯವರಿಗೆ ತೋರಿಸಿದರೆ, ಔಷಧಿ ಸಿಂಪರಣೆಗೂ ಕೊಯ್ಲಿಗೂ ಸಂಘವೇ ಸರದಿಯ ಮೇಲೆ ಆಳುಗಳನ್ನು ಗೊತ್ತುಮಾಡಿ ಕಳುಹಿಸಲಿ. ಖರ್ಚನ್ನು ಆ ಸದಸ್ಯನ ಫಸಲು ಸಂಘಕ್ಕೆ ಬಂದಾಗ ಬಡ್ಡಿಯಿಲ್ಲದೆ ಮುರಿದುಕೊಳ್ಳಲಿ. ಇದರಿಂದ ಸಂಘಕ್ಕೆ ನಷ್ಟವೇನೂ ಇಲ್ಲ, ಒಂದು ಫಸಲು ಹಾಳಾಗುವುದು ತಪ್ಪಿದರೆ ವ್ಯಾಪಾರದ ದೃಷ್ಟಿಯಿಂದಲೂ ಲಾಭವೇ. ‘ಸುಳ್ಳು ಚೀಟಿ ತರುತ್ತಾರೆ’ ಎಂಬ ಆಕ್ಷೇಪಣೆ ಬರಬಹುದು. ಬಡ್ಡಿಯಿಲ್ಲದ ಕೆಲವು ಸಾವಿರ ರೂಪಾಯಿಗಾಗಿ ‘ನನಗೆ ಹೃದಯದ ಕಾಯಿಲೆ’ ಎಂದು ಊರಿಗೆಲ್ಲ ಸಾರಿಕೊಳ್ಳುವ ಬೆಳೆಗಾರ ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಈ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ನಿರ್ಣಯದ ರೂಪದಲ್ಲಿ ಮಂಡಿಸಲು ನಾನು ಸಿದ್ಧನಿದ್ದೇನೆ. ಬೈಲಾದಲ್ಲಿ ಅವಕಾಶವಿದೆಯೇ ಎಂಬುದನ್ನು ಆಡಳಿತ ಮಂಡಳಿಯವರು ಅಷ್ಟರೊಳಗೆ ಪರಿಶೀಲಿಸಿದರೆ ಉಪಕಾರವಾಗುತ್ತದೆ. ಅನುಮೋದಿಸುವ ಸದಸ್ಯರೊಬ್ಬರು ಬೇಕು. ಇಚ್ಛೆಯುಳ್ಳವರು ಸಭೆಗೆ ಒಂದು ವಾರ ಮೊದಲು ಸಂಘದ ಕಚೇರಿಯಲ್ಲಿ ಹೆಸರು ತಿಳಿಸಬೇಕೆಂದು ಕೋರಿಕೆ.